ಹಿರಿಯರ ಬಾಯಿಯ ಆರೋಗ್ಯ: ನಮ್ಮ ಮಾತಿನಲ್ಲಿ ಕೇಳೋಣ, ದೀಪ ಹಿಡಿದು ನೋಡೋಣ



ಈ ಲೇಖನವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುವುದು ಉಚಿತವೆಂದು ಭಾವಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಕಂಪ್ಲಿಯ ಕಡೆಯ ಹಳ್ಳಿಯೊಂದರಿಂದ ಎಪ್ಪತ್ತೆಂಟು ವಯಸ್ಸಿನ ತಾಯಿಯೊಬ್ಬರನ್ನು ಅವರ ಮಗ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಊಟ ಸೇರುವುದಿಲ್ಲ, ದಿನದಿಂದ ದಿನಕ್ಕೆ ಸೊರಗುತ್ತಿದ್ದಾರೆ ಎಂಬುದು ಅವರ ದೂರು. ನಾಡಿ ನೋಡಿದೆ, ನಾಲಿಗೆ ಚಾಚಿಸಿ ನೋಡಿದೆ, ಮಲಪ್ರವೃತ್ತಿ ಮತ್ತು ನಿದ್ರೆಯನ್ನು ವಿಚಾರಿಸಿದೆ. ಅಗ್ನಿಮಾಂದ್ಯವೆಂದು ನಿರ್ಣಯಿಸಿ ದೀಪನ-ಪಾಚನ ಔಷಧಗಳನ್ನು ಕೊಟ್ಟು ಕಳುಹಿಸಿದೆ. ತಿಂಗಳ ನಂತರ ಬಂದಾಗ ತೂಕ ಇನ್ನಷ್ಟು ಇಳಿದಿತ್ತು. ಔಷಧವನ್ನು ಬದಲಿಸಿದೆ. ಮೂರನೆಯ ಸಲ ಜೊತೆಗೆ ಬಂದಿದ್ದ ಮೊಮ್ಮಗಳು ನನ್ನ ಬಳಿ ಬಂದು ಮೆಲ್ಲನೆ ಹೇಳಿದಳು: "ಅಜ್ಜಿ ರೊಟ್ಟೀನ ಯಾರಿಗೂ ಕಾಣದಂಗ ಎಮ್ಮಿಗೆ ಹಾಕ್ತಾಳ್ರೀ."

ಆಗ ನನಗೆ ಎಚ್ಚರವಾಯಿತು. ಟಾರ್ಚ್ ಹಿಡಿದು, ನಾಲಿಗೆಯನ್ನು ಒಂದು ಪಕ್ಕಕ್ಕೆ ಸರಿಸಿ ನೋಡಿದೆ. ಎಡಭಾಗದ ದವಡೆ ಹಲ್ಲೊಂದು ಮುರಿದು ಕತ್ತಿಯ ಬಾಯಂತೆ ಹರಿತವಾಗಿ ನಿಂತಿತ್ತು. ಅದು ತಾಗುವ ಕಡೆ ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿತ್ತು. ಪ್ರತಿ ತುತ್ತೂ ಆ ಹುಣ್ಣನ್ನು ಕೆರೆಯುತ್ತಿತ್ತು. ಆಕೆಗೆ ಹಸಿವಿತ್ತು, ಅಗ್ನಿಯೂ ಇತ್ತು, ಅಗಿಯುವ ಬಾಯಿ ಮಾತ್ರ ಇರಲಿಲ್ಲ. "ಯಾಕಮ್ಮ, ಹೇಳಲಿಲ್ಲವಲ್ಲ?" ಎಂದೆ. "ವಯಸ್ಸಾದ ಮ್ಯಾಲೆ ಇದು ಇದ್ದದ್ದ ಬಿಡ್ರೀ, ಇದನ್ನೇನು ಹೇಳೂದು" ಎಂದರು. ಅವರನ್ನು ದಂತವೈದ್ಯರಲ್ಲಿಗೆ ಕಳುಹಿಸಿದೆ. ಅವರು ಹಲ್ಲನ್ನು ತೆಗೆದು, ಹುಣ್ಣು ಮಾಗುವುದೋ ಇಲ್ಲವೋ ಎಂದು ಎರಡು ವಾರ ಕಾದು ನೋಡಿದರು. ಪುಣ್ಯವಶಾತ್ ಅದು ಮಾಗಿತು. ಆ ತಾಯಿ ಮತ್ತೆ ರೊಟ್ಟಿ ತಿಂದರು.

ಅಷ್ಟಸ್ಥಾನ ಪರೀಕ್ಷೆಯಲ್ಲಿ ಜಿಹ್ವಾ ಪರೀಕ್ಷೆಯೂ ಒಂದು. ಅದನ್ನು ನಾನು ಮಾಡಿರಲಿಲ್ಲವೆಂದಲ್ಲ. ನಾಲಿಗೆಯ ಮೇಲ್ಮೈಯನ್ನು ನೋಡಿದ್ದೆ, ಅಂಚನ್ನು ನೋಡಿರಲಿಲ್ಲ. "ಊಟ ಹೇಗಿದೆ?" ಎಂದು ಕೇಳಿದ್ದೆ, "ರೊಟ್ಟಿ ಅಗಿಯಲು ಆಗುತ್ತದೆಯೇ?" ಎಂದು ಕೇಳಿರಲಿಲ್ಲ. ಸರಿಯಾದ ಪ್ರಶ್ನೆಯನ್ನು ಸರಿಯಾದ ಮಾತಿನಲ್ಲಿ ಕೇಳದಿದ್ದರೆ ಎಷ್ಟು ಅನರ್ಥವಾಗುತ್ತದೆ ಎಂಬುದನ್ನು ಅಂದು ಕಲಿತೆ. ಆ ಪ್ರಶ್ನೆಗಳ ಕುರಿತೇ ಈ ಲೇಖನ.

ಎರಡು ಅಳತೆಗೋಲುಗಳು

ಹಿರಿಯರ ಬಾಯಿಯ ಸ್ಥಿತಿಯನ್ನು ಅಳೆಯಲು ವೈದ್ಯಲೋಕದಲ್ಲಿ ಎರಡು ಬಗೆಯ ಸಾಧನಗಳಿವೆ. ಇವು ಯಂತ್ರಗಳಲ್ಲ, ಪ್ರಶ್ನೆಗಳ ಮತ್ತು ಲಕ್ಷಣಗಳ ಪಟ್ಟಿಗಳು.

ಮೊದಲನೆಯದು ಕೇಳಿ ತಿಳಿಯುವ ಪಟ್ಟಿ. ಅಮೆರಿಕದ ಅಚಿಸನ್ ಮತ್ತು ಡೋಲನ್ ಎಂಬ ಇಬ್ಬರು ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಇದನ್ನು ಸಂಕ್ಷೇಪವಾಗಿ 'ಗೊಹಾಯ್' ಎನ್ನುತ್ತಾರೆ. ಇದರಲ್ಲಿ 12 ಪ್ರಶ್ನೆಗಳಿವೆ. ಕಳೆದ ಮೂರು ತಿಂಗಳಲ್ಲಿ ಕಚ್ಚಲು, ಅಗಿಯಲು, ನುಂಗಲು, ಮಾತನಾಡಲು ತೊಂದರೆಯಾಯಿತೇ, ಇತರರ ಎದುರು ಉಣ್ಣಲು ಸಂಕೋಚವಾಯಿತೇ, ನೋವಿಗೆ ಮಾತ್ರೆ ನುಂಗಬೇಕಾಯಿತೇ, ಬಿಸಿ-ತಣ್ಣನೆಯ ಪದಾರ್ಥ ತಾಗಿದರೆ ಹಲ್ಲು ಜುಮ್ಮೆನ್ನುತ್ತದೆಯೇ ಎಂಬಂಥವು.

ಎರಡನೆಯದು ನೋಡಿ ತಿಳಿಯುವ ಪಟ್ಟಿ. ಆಸ್ಟ್ರೇಲಿಯದ ಚಾಮರ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಇದನ್ನು 'ಓಹ್ಯಾಟ್' ಎನ್ನುತ್ತಾರೆ. ಇದನ್ನು ಬಳಸಲು ದಂತವೈದ್ಯರೇ ಬೇಕಿಲ್ಲ. ವೃದ್ಧರನ್ನು ಆರೈಕೆ ಮಾಡುವ ದಾದಿಯರೂ ನೋಡಬಹುದಾದ ಎಂಟು ಅಂಶಗಳು ಇದರಲ್ಲಿವೆ: ತುಟಿ, ನಾಲಿಗೆ, ವಸಡು, ಜೊಲ್ಲು, ಹಲ್ಲು, ಕಟ್ಟಿಸಿದ ಹಲ್ಲು, ಬಾಯಿಯ ಶುಚಿತ್ವ, ನೋವು. ಒಂದೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಎಲ್ಲವೂ ಸರಿಯಿದ್ದರೆ ಮೊತ್ತ 0, ಎಲ್ಲವೂ ಕೆಟ್ಟಿದ್ದರೆ 16.

ನಮ್ಮ ಪರಂಪರೆಗೆ ಈ ವಿಂಗಡಣೆ ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ 65 ಮುಖರೋಗಗಳನ್ನು ತುಟಿ, ದಂತಮೂಲ, ದಂತ, ಜಿಹ್ವೆ, ತಾಲು, ಕಂಠ ಹಾಗೂ ಸಮಸ್ತ ಬಾಯಿ ಎಂದು ಸ್ಥಾನಾನುಸಾರ ವಿಂಗಡಿಸಲಾಗಿದೆ. ಬಾಯಿಯನ್ನು ಒಂದೊಂದೇ ಭಾಗವಾಗಿ ನೋಡಬೇಕೆಂಬ ಶಿಸ್ತು ಎರಡರಲ್ಲೂ ಒಂದೇ.

ಪರ್ಷಿಯಾದ ಮಾತು, ಹಂಪೆಯ ವೀಳ್ಯ

ಇಂಥ ಪಟ್ಟಿ ಇಂಗ್ಲಿಷಿನಲ್ಲಿ ಹುಟ್ಟಿದ್ದರಿಂದ ಬೇರೆ ನಾಡುಗಳ ವೃದ್ಧರಿಗೆ ಹಾಗೆಯೇ ಸಲ್ಲುವುದಿಲ್ಲ. ಆದ್ದರಿಂದ 'ಗೊಹಾಯ್' ಪಟ್ಟಿಯನ್ನು ಚೀನೀ, ಅರಬ್ಬಿ, ಹಿಂದಿ ಮೊದಲಾದ ಭಾಷೆಗಳಿಗೆ ಅಳವಡಿಸಲಾಗಿದೆ. ಇರಾನಿನ ವಿದ್ವಾಂಸರು ಪರ್ಷಿಯನ್ ಮಾತನಾಡುವ ವೃದ್ಧರಿಗಾಗಿ ಅದನ್ನು ತಮ್ಮ ಭಾಷೆಗೆ ಒಗ್ಗಿಸಿದ್ದಾರೆ. ಈ ಕೆಲಸಕ್ಕೆ ಒಂದು ಕ್ರಮವಿದೆ. ಎರಡು ಭಾಷೆ ಬಲ್ಲವರು ಬೇರೆ ಬೇರೆಯಾಗಿ ಅನುವಾದ ಮಾಡುತ್ತಾರೆ. ಎರಡನ್ನೂ ಹೋಲಿಸಿ ಒಂದಾಗಿಸುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಅರ್ಥ ಎಲ್ಲಿ ಜಾರಿತು ಎಂಬುದು ಆಗ ತಿಳಿಯುತ್ತದೆ. ಬಳಿಕ ಕೆಲವು ವೃದ್ಧರ ಮುಂದೆ ಓದಿ "ಈ ಪ್ರಶ್ನೆಯಿಂದ ನಿಮಗೇನು ತಿಳಿಯಿತು?" ಎಂದು ವಿಚಾರಿಸುತ್ತಾರೆ. ಕೊನೆಗೆ ಅದೇ ಜನರನ್ನು ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಕೇಳಿ, ಉತ್ತರ ಸ್ಥಿರವಾಗಿದೆಯೇ ಎಂದು ಪರೀಕ್ಷಿಸುತ್ತಾರೆ.

ಪರ್ಷಿಯನ್ ಮಾತು ಬಂದಾಗ ನಮ್ಮ ಭಾಗದವರಿಗೆ ಒಬ್ಬ ಅತಿಥಿಯ ನೆನಪಾಗುವುದು ಸಹಜ. ಪ್ರೌಢದೇವರಾಯನ ಆಳ್ವಿಕೆಯಲ್ಲಿ, 1443ರಲ್ಲಿ, ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದನು. ಅರಸನು ತನಗೆ ವೀಳ್ಯವನ್ನೂ ಕರ್ಪೂರವನ್ನೂ ಕೊಟ್ಟು ಸತ್ಕರಿಸಿದುದನ್ನು ಪರ್ಷಿಯನ್ ಭಾಷೆಯಲ್ಲಿ ಬರೆದಿಟ್ಟನು. ಎಲೆ, ಅಡಕೆ, ಸುಣ್ಣ ಸೇರಿಸಿ ಮೆಲ್ಲುವ ಬಗೆಯನ್ನು ವಿವರಿಸಿ, ಅದು ಬಾಯಿಯ ವಾಸನೆಯನ್ನು ಕಳೆಯುವುದೆಂದೂ ಹಲ್ಲನ್ನು ಗಟ್ಟಿಗೊಳಿಸುವುದೆಂದೂ ಹೊಗಳಿದನು. ಹಂಪೆಯಲ್ಲಿ ಇಂದಿಗೂ 'ಪಾನ್ ಸುಪಾರಿ ಬಜಾರ್' ಎಂಬ ಹೆಸರಿನ ಬೀದಿಯ ಅವಶೇಷಗಳಿವೆ.

ಆದರೆ ಇಂದಿನ ವೈದ್ಯನಾಗಿ ನಾನು ಆ ಹೊಗಳಿಕೆಗೆ ಒಂದು ತಿದ್ದುಪಡಿಯನ್ನು ಹೇಳಲೇಬೇಕು. ನಮ್ಮ ಗ್ರಂಥಗಳೂ ತಾಂಬೂಲವನ್ನು ದಿನಚರ್ಯೆಯಲ್ಲಿ ಸೇರಿಸಿವೆ ಎಂಬುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಂತೆ, ತಂಬಾಕು ಬೆರೆಸದಿದ್ದರೂ ಅಡಕೆ ಸೇರಿದ ಎಲೆ ಮೆಲ್ಲುವುದು ಕ್ಯಾನ್ಸರಿಗೆ ಕಾರಣವಾಗುತ್ತದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ಆಚಾರವೆಂಬ ಕಾರಣಕ್ಕೆ ಈ ಸತ್ಯವನ್ನು ಮುಚ್ಚಿಡುವುದು ವೈದ್ಯಧರ್ಮವಲ್ಲ.

ನಮ್ಮ ಕನ್ನಡಕ್ಕೆ ತಂದಾಗ

ಆ ಅಜ್ಜಿಯ ಪ್ರಸಂಗದ ಬಳಿಕ ಈ ಎರಡೂ ಪಟ್ಟಿಗಳನ್ನು ಕನ್ನಡದಲ್ಲಿ ಬರೆದುಕೊಂಡು, ಹೊಸಪೇಟೆ, ಕಂಪ್ಲಿ, ಸಂಡೂರುಗಳಿಂದ ಬರುವ ಹಿರಿಯರನ್ನು ಕೇಳತೊಡಗಿದೆ. ಇದು ಶಾಸ್ತ್ರೀಯ ಸಂಶೋಧನೆಯಲ್ಲ, ಒಬ್ಬ ವೈದ್ಯನ ಪ್ರಯತ್ನ ಮಾತ್ರ. ಪುಸ್ತಕದ ಕನ್ನಡ ಎಲ್ಲೆಲ್ಲಿ ಎಡವಿತೆಂಬುದು ಬೇಗನೆ ತಿಳಿಯಿತು.

ಮೊದಲನೆಯದಾಗಿ ಹೆಸರೇ ತೊಡಕಾಯಿತು. ಸಂಸ್ಕೃತದಲ್ಲಿ 'ಮುಖ' ಎಂದರೆ ಬಾಯಿ. 'ಮುಖದ ಆರೋಗ್ಯ' ಎಂದು ನಾನು ಬರೆದಿದ್ದನ್ನು ಕೇಳಿ ಒಬ್ಬ ಹಿರಿಯರು ಕೆನ್ನೆಯ ಮೇಲಿನ ಬಂಗನ್ನು ತೋರಿಸಿದರು! ಅಂದಿನಿಂದ ಅದನ್ನು ನೇರವಾಗಿ 'ಬಾಯಿ' ಎಂದೇ ಬರೆದೆ.

ಎರಡನೆಯದು ಅಗಿಯುವ ಪ್ರಶ್ನೆ. ಗಟ್ಟಿಯಾದ ಮಾಂಸ ಅಥವಾ ಸೇಬನ್ನು ಕಚ್ಚಲು ತೊಂದರೆಯೇ ಎಂದು ಮೂಲದಲ್ಲಿದೆ. ನಮ್ಮ ಮನೆಗಳ ಹಿರಿಯರಲ್ಲಿ ಬಹುಪಾಲು ಜನರಿಗೆ ಮಾಂಸ ವರ್ಜ್ಯ, ಸೇಬು ಕಾಯಿಲೆ ಬಿದ್ದಾಗ ಬರುವ ಹಣ್ಣು. "ಇಲ್ರೀ, ತೊಂದ್ರಿ ಏನಿಲ್ಲ" ಎಂದೇ ಉತ್ತರ ಬರುತ್ತಿತ್ತು. ತಿನ್ನದ ಪದಾರ್ಥವನ್ನು ಅಗಿಯಲು ಯಾರಿಗೆ ತಾನೆ ತೊಂದರೆ? "ಕಟಕ ರೊಟ್ಟಿ ಅಗೀತೀರೇನು? ಹುರಿದ ಕಡಲೆ? ಕೊಬ್ಬರಿ ಚೂರು?" ಎಂದು ಕೇಳಿದಾಗ ಚಿತ್ರವೇ ಬದಲಾಯಿತು. ಕಂಪ್ಲಿಯ ಕಡೆಯವರಿಗೆ ಇನ್ನೂ ಉತ್ತಮವಾದ ಪ್ರಶ್ನೆ, "ಕಬ್ಬು ಸಿಗಿದು ತಿಂದು ಎಷ್ಟು ವರ್ಷವಾಯಿತು?" ಎಂಬುದು. ಹಾಲಿನಲ್ಲಿ ನೆನೆಸಿದ ರೊಟ್ಟಿ, ಗಂಜಿ, ಬಾಳೆಹಣ್ಣು ಇಷ್ಟರಲ್ಲೇ ದಿನ ದೂಡುವವರು, ಎಲೆಯಡಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುವವರು ಎಷ್ಟೋ ಮಂದಿ. ಅವರು ದೂರು ಹೇಳುವುದಿಲ್ಲ, ಊಟವನ್ನೇ ಕಿರಿದು ಮಾಡಿಕೊಂಡು ಬಿಡುತ್ತಾರೆ. ಬೇಳೆ, ಕಾಳು, ಹಸಿ ತರಕಾರಿ ತಟ್ಟೆಯಿಂದ ಮರೆಯಾಗುತ್ತವೆ. ಬಲ ಕುಂದುತ್ತದೆ.

ಮೂರನೆಯದು ಜೊಲ್ಲು ಒಣಗುವ ಪ್ರಶ್ನೆ. ಇದನ್ನು 'ಬಾಯಾರಿಕೆ' ಎಂದು ಬರೆದೆ. ಎಲ್ಲರೂ ನೀರಡಿಕೆಯ ಲೆಕ್ಕ ಹೇಳಿದರು. "ನೀರು ಕುಡಿಯದೆ ರೊಟ್ಟಿಯ ತುತ್ತನ್ನು ನುಂಗಲು ಆಗುತ್ತದೆಯೇ? ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆಯೇ?" ಎಂದು ತಿದ್ದಿದ ಮೇಲೆ ಸರಿಯಾದ ಉತ್ತರ ದೊರೆಯಿತು.

ನಾಲ್ಕನೆಯದು ಕಾಲದ ಅಳತೆ. "ಮೂರು ತಿಂಗಳಲ್ಲಿ" ಎಂದರೆ ಹಿರಿಯರಿಗೆ ಹಿಡಿತಕ್ಕೆ ಸಿಗುವುದಿಲ್ಲ. "ಯುಗಾದಿಯಿಂದ ಈಚೆಗೆ", "ದೀಪಾವಳಿಯಿಂದ ಈಚೆಗೆ" ಎಂದರೆ ತಟ್ಟನೆ ನೆನಪಾಗುತ್ತದೆ. ಹಾಗೆಯೇ ಉತ್ತರದ ಹಂತಗಳನ್ನು 'ಯಾವಾಗಲೂ, ಮೇಲಿಂದ ಮೇಲೆ, ಒಮ್ಮೊಮ್ಮೆ, ಅಪರೂಪಕ್ಕೆ, ಇಲ್ಲವೇ ಇಲ್ಲ' ಎಂದು ಇಟ್ಟುಕೊಂಡೆ.

ಐದನೆಯದು ಎಲ್ಲಕ್ಕಿಂತ ಗಂಭೀರವಾದುದು. "ಬಾಯಲ್ಲಿ ಹುಣ್ಣಾಗಿದೆಯೇ?" ಎಂದು ಕೇಳಿದರೆ "ಉಷ್ಣ ಆಗೇತ್ರೀ" ಎಂಬ ಉತ್ತರ ಬರುತ್ತದೆ. ನಮ್ಮಲ್ಲಿ ಬಾಯಿಹುಣ್ಣು ಎಂದರೆ ಉಷ್ಣ, ಉಷ್ಣವೆಂದರೆ ಮಜ್ಜಿಗೆ. ಸಂಡೂರಿನ ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು ಐದು ತಿಂಗಳು ಹೀಗೆಯೇ ಮಜ್ಜಿಗೆ ಕುಡಿಯುತ್ತಾ ಕುಳಿತರು. ಸುಣ್ಣ-ತಂಬಾಕನ್ನು ತಿಕ್ಕಿ ಕೆಳದವಡೆಯ ಒಂದೇ ಜಾಗದಲ್ಲಿ ಇಟ್ಟುಕೊಳ್ಳುವುದು ಅವರ ಮೂವತ್ತು ವರ್ಷಗಳ ರೂಢಿ. ಹುಣ್ಣಾದದ್ದೂ ಅಲ್ಲಿಯೇ. ನೋವಿಲ್ಲದ ಕಾರಣ ಯಾರಿಗೂ ತೋರಿಸಿರಲಿಲ್ಲ. ನನ್ನ ಬಳಿ ಬಂದ ದಿನವೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಜೀವ ಉಳಿಯಿತು, ಆದರೆ ದವಡೆಯ ಒಂದು ಭಾಗವನ್ನು ಕಳೆದುಕೊಂಡರು. ಆದ್ದರಿಂದ "ಹುಣ್ಣಿದೆಯೇ?" ಎಂದಷ್ಟೇ ಕೇಳಿ ಬಿಡಬಾರದು. "ಎಷ್ಟು ದಿನದಿಂದ ಇದೆ? ಅದೇ ಜಾಗದಲ್ಲಿದೆಯೇ?" ಎಂದೂ ಕೇಳಬೇಕು.

ಭಾಷೆಯೂ ಒಂದೇ ಅಲ್ಲ. ನಮ್ಮ ಭಾಗದಲ್ಲಿ ಕನ್ನಡದೊಂದಿಗೆ ತೆಲುಗು, ಉರ್ದು, ಲಂಬಾಣಿ ಮನೆಮಾತಿನವರೂ ಇದ್ದಾರೆ. ತಾಂಡಾದ ಅಜ್ಜಿಗೆ ಆಕೆಯ ಮಾತಿನಲ್ಲೇ ಮೊಮ್ಮಕ್ಕಳು ಕೇಳಬೇಕು. ಮಾತಿಗೆ ಗಡಿಯಿಲ್ಲ ಎಂಬುದಕ್ಕೆ ನಾವು ದಿನನಿತ್ಯ ಆಡುವ 'ದವಾಖಾನೆ' ಎಂಬ ಪದವೇ ಸಾಕ್ಷಿ. ಅದರ 'ದವಾ' ಅರಬ್ಬಿಯದು, 'ಖಾನೆ' ಪರ್ಷಿಯನ್ನಿನದು.

ಮನೆಯಲ್ಲೇ ನೋಡುವ ಎಂಟು ಅಂಶಗಳು

ತಿಂಗಳಿಗೊಮ್ಮೆ, ಹಗಲು ಬೆಳಕಿನಲ್ಲಿ ಹಿರಿಯರನ್ನು ಕುರ್ಚಿಯ ಮೇಲೆ ಕೂರಿಸಿ, ಅವರ ಒಪ್ಪಿಗೆ ಪಡೆದು ನೋಡಿರಿ. ಕೈ ತೊಳೆದಿರಬೇಕು, ಟಾರ್ಚ್ ಇರಬೇಕು. ಎಲೆಯಡಕೆಯ ಅಭ್ಯಾಸವಿದ್ದರೆ ಮೊದಲು ಬಾಯಿ ಮುಕ್ಕಳಿಸಿ ಶುಚಿಗೊಳಿಸಲಿ, ಇಲ್ಲವಾದರೆ ಎಲೆಯ ಕೆಂಪು ರೋಗದ ಕೆಂಪನ್ನು ಮುಚ್ಚಿಬಿಡುತ್ತದೆ. ಕಟ್ಟಿಸಿದ ಹಲ್ಲುಗಳಿದ್ದರೆ ತೆಗೆಸಿ ನೋಡಿರಿ.

1. ತುಟಿ: ನುಣುಪಾಗಿ ಒದ್ದೆಯಾಗಿದ್ದರೆ ಸರಿ. ಒಡೆದಿದ್ದರೆ, ಮೂಲೆಗಳು ಸೀಳಿದ್ದರೆ ಗಮನಿಸಿರಿ. ಗಂಟು, ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ವೈದ್ಯರಿಗೆ ತೋರಿಸಿರಿ.

2. ನಾಲಿಗೆ: ಮೇಲ್ಭಾಗವಷ್ಟೇ ಅಲ್ಲ, ಎರಡೂ ಅಂಚುಗಳನ್ನೂ ಅಡಿಭಾಗವನ್ನೂ ನೋಡಿರಿ. ನಾನು ಎಡವಿದ್ದು ಇಲ್ಲಿಯೇ.

3. ವಸಡು ಮತ್ತು ಕೆನ್ನೆಯ ಒಳಭಾಗ: ಮೂಲ ಪಟ್ಟಿಯಲ್ಲಿ ಆರೋಗ್ಯದ ವಸಡು ಗುಲಾಬಿ ಬಣ್ಣದ್ದೆಂದಿದೆ. ನಮ್ಮಲ್ಲಿ ಅನೇಕರ ವಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪಾಗಿರುತ್ತದೆ. ಅದು ರೋಗವಲ್ಲ. ಊತ, ರಕ್ತ, ಕೀವು, ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ ಇವು ರೋಗಲಕ್ಷಣಗಳು.

4. ಜೊಲ್ಲು: ಬಾಯಿಯ ಒಳಭಾಗ ಒಣಗಿ ಅಂಟಂಟಾಗಿದೆಯೇ ನೋಡಿರಿ. ರಕ್ತದೊತ್ತಡ, ಅಲರ್ಜಿ, ಮನೋರೋಗಗಳಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿರಿ, ಕೊಟ್ಟ ವೈದ್ಯರನ್ನು ಕೇಳಿರಿ.

5. ಹಲ್ಲು: ಹುಳುಕು, ಮುರುಕು, ಬೇರು ಮಾತ್ರ ಉಳಿದ ಹಲ್ಲುಗಳನ್ನು ಎಣಿಸಿರಿ. ಒಂದರಿಂದ ಮೂರು ಇದ್ದರೆ ಒಂದು ಅಂಕ, ನಾಲ್ಕು ಅಥವಾ ಹೆಚ್ಚು ಇದ್ದರೆ ಎರಡು. ಬಳ್ಳಾರಿ ಸೀಮೆಯ ಕೆಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದ್ದು, ಬಾಲ್ಯದಿಂದ ಅದನ್ನೇ ಕುಡಿದವರ ಹಲ್ಲಿನಲ್ಲಿ ಕಂದು ಕಲೆಗಳಿರುತ್ತವೆ. ಆ ಕಲೆಯನ್ನು ಹುಳುಕೆಂದು ಎಣಿಸಬಾರದು.

6. ಕಟ್ಟಿಸಿದ ಹಲ್ಲು: ಮುರಿದಿದೆಯೇ, ಸಡಿಲವಾಗಿದೆಯೇ, ಡಬ್ಬಿಯಲ್ಲೇ ಉಳಿದಿದೆಯೇ ನೋಡಿರಿ. ಅದರ ಮೇಲೆ ಹೆಸರು ಬರೆದಿರಬೇಕೆಂದು ಮೂಲ ಪಟ್ಟಿ ಹೇಳುತ್ತದೆ. ಅನೇಕರು ಕೂಡಿ ಇರುವ ವೃದ್ಧಾಶ್ರಮಕ್ಕೆ ಅದು ಅಗತ್ಯ, ಮನೆಗೆ ಬೇಕಿಲ್ಲ.

7. ಶುಚಿತ್ವ: ಅನ್ನದಗುಳು, ಗಾರೆಯಂತೆ ಗಟ್ಟಿಯಾದ ಕಿಟ್ಟ, ದುರ್ವಾಸನೆ ಇವೆಯೇ ನೋಡಿರಿ.

8. ನೋವು: ಮರೆವಿನ ಕಾಯಿಲೆಯವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ನೋವನ್ನು ಹೇಳಲಾರರು. ಕೆನ್ನೆ ಹಿಡಿದುಕೊಳ್ಳುವುದು, ಊಟ ಬಂದಾಗ ಮುಖ ತಿರುಗಿಸುವುದು, ಕಾರಣವಿಲ್ಲದೆ ಸಿಡುಕುವುದು ಇವೇ ಅವರ ಮಾತು.

ಮೊತ್ತ ಎಷ್ಟೇ ಇರಲಿ, ಯಾವುದೇ ಒಂದು ಅಂಶಕ್ಕೆ ಎರಡು ಅಂಕ ಬಂದರೆ ದಂತವೈದ್ಯರನ್ನು ಕಾಣಬೇಕು. ಎರಡು ವಾರ ಕಳೆದರೂ ಮಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ನನ್ನ ಔಷಧದಲ್ಲಿಯೂ ಕಳೆಯಬಾರದು.

ನಿತ್ಯದ ಆರೈಕೆ

ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯವು ಎಕ್ಕ, ಆಲ, ಕಗ್ಗಲಿ, ಹೊಂಗೆ, ಮತ್ತಿ ಮೊದಲಾದವುಗಳ ಕಡ್ಡಿಯಿಂದ, ವಸಡಿಗೆ ನೋವಾಗದಂತೆ ಹಲ್ಲುಜ್ಜಬೇಕೆನ್ನುತ್ತದೆ. 'ನೋವಾಗದಂತೆ' ಎಂಬುದೇ ಇಲ್ಲಿ ಮುಖ್ಯ. ಹಿರಿಯರಿಗೆ ಮೃದುವಾದ ಬ್ರಷ್ಷೇ ಸೂಕ್ತ. ರಾತ್ರಿ ಮಲಗುವ ಮುನ್ನವೂ ಉಜ್ಜಬೇಕು. ಇದ್ದಿಲು, ಇಟ್ಟಿಗೆಪುಡಿ ಹಲ್ಲನ್ನು ಸವೆಸುತ್ತವೆ. ನಶ್ಯಪುಡಿಯನ್ನು ಹಲ್ಲಿಗೆ ತಿಕ್ಕುವುದು ತಂಬಾಕು ಸೇವನೆಯೇ ಸರಿ.

ಎಳ್ಳೆಣ್ಣೆಯ ಗಂಡೂಷ ಮತ್ತು ಕವಲಗಳು ಬಾಯಿಯ ಶುಷ್ಕತೆಗೆ ಹಿತಕರವೆಂದು ಶಾಸ್ತ್ರ ಹೇಳುತ್ತದೆ. ಅಲುಗಿಸಲಾಗದಷ್ಟು ಬಾಯಿತುಂಬ ತುಂಬಿಕೊಳ್ಳುವುದು ಗಂಡೂಷ, ಆಡಿಸಲು ಬರುವಷ್ಟು ತುಂಬಿಕೊಳ್ಳುವುದು ಕವಲ. ಆದರೆ ಇವು ಹಲ್ಲುಜ್ಜುವುದಕ್ಕೆ ಬದಲಿಯಲ್ಲ. ಪಾರ್ಶ್ವವಾಯುವಾದವರಿಗೆ, ನುಂಗುವಾಗ ಕೆಮ್ಮು ಬರುವವರಿಗೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಭಯವಿರುವುದರಿಂದ ಸರ್ವಥಾ ಕೂಡದು. ಹಾಸಿಗೆ ಹಿಡಿದವರ ತಲೆಯನ್ನು ಎತ್ತರಿಸಿ ಒಂದು ಪಕ್ಕಕ್ಕೆ ವಾಲಿಸಿ, ಒದ್ದೆ ಮಾಡಿದ ಶುಭ್ರ ಬಟ್ಟೆಯಿಂದ ಬಾಯಿಯನ್ನು ಒರೆಸಬೇಕು. ಬಾಯಿಯ ಕೊಳೆ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು, ತೊಳೆದು, ತಣ್ಣೀರಿನಲ್ಲಿ ಇಡಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ರೋಗ ಬೇಗ ಬರುತ್ತದೆ, ವಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದಿಲ್ಲ. ಅವರು ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಬೇಕು. ಹಲ್ಲು ಕಟ್ಟಿಸಲು ಹಣವಿಲ್ಲವೆಂದು ಸುಮ್ಮನಿರಬೇಡಿರಿ. ಬಡ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ನೀಡಲು ರಾಜ್ಯ ಸರ್ಕಾರ 'ದಂತಭಾಗ್ಯ' ಯೋಜನೆಯನ್ನು ರೂಪಿಸಿದೆ. ಪಡಿತರ ಚೀಟಿಯೊಂದಿಗೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿರಿ. ಬಳ್ಳಾರಿಯಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜೂ ಇದೆ.

ಎಂಬತ್ತರ ವಯಸ್ಸಿನಲ್ಲೂ ಇಪ್ಪತ್ತು ಸ್ವಂತ ಹಲ್ಲುಗಳಿರಲಿ ಎಂಬ ಧ್ಯೇಯವನ್ನು ಜಪಾನ್ ದೇಶ 1989ರಲ್ಲಿ ಜನರ ಮುಂದಿಟ್ಟಿತು. ಹಲ್ಲು ಬೀಳುವುದು ವಯೋಧರ್ಮವಲ್ಲ, ಆರೈಕೆಯ ಅಭಾವ ಎಂಬ ನಂಬಿಕೆ ಅದರ ಹಿಂದಿದೆ. ಆ ನಂಬಿಕೆ ನಮ್ಮಲ್ಲಿಯೂ ಬೇರೂರಬೇಕು.

ಕೊನೆಯ ಮಾತು. ಇತರರ ಎದುರು ಉಣ್ಣಲು ಸಂಕೋಚವೇ ಎಂಬ ಪ್ರಶ್ನೆಯನ್ನು ನಾನು ಹೀಗೆ ಬದಲಿಸಿಕೊಂಡಿದ್ದೇನೆ: "ಮಠದ ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಎಷ್ಟು ದಿನವಾಯಿತು?" ಇದನ್ನು ಕೇಳಿದಾಗ ಕಣ್ಣು ತುಂಬಿಕೊಂಡ ಹಿರಿಯರನ್ನು ಕಂಡಿದ್ದೇನೆ. ಅಗಿಯಲಾಗದು, ಬಾಯಿಂದ ಸೋರುತ್ತದೆ, ನೋಡಿದವರು ಏನೆಂದಾರು ಎಂದು ಅವರು ಪಂಕ್ತಿಯನ್ನೇ ಬಿಟ್ಟಿದ್ದರು. ನಿಮ್ಮ ಮನೆಯ ಹಿರಿಯರು ಇತ್ತೀಚೆಗೆ ಒಬ್ಬರೇ ಉಣ್ಣುತ್ತಿದ್ದರೆ, ವಚನ ಹೇಳುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರೆ, ರೊಟ್ಟಿ ಎಮ್ಮೆಯ ಪಾಲಾಗುತ್ತಿದ್ದರೆ, ಇಂದೇ ಅವರ ಪಕ್ಕದಲ್ಲಿ ಕುಳಿತು ಕೇಳಿರಿ. ಆಮೇಲೆ ದೀಪ ಹಿಡಿದು ನೋಡಿರಿ.